ಪದ ಪರಿಚಯ: ಬ್ರೌನ್‌ಫೀಲ್ಡ್ (ವಿಮಾನ ನಿಲ್ದಾಣದ್ದಲ್ಲ)

ಅಮೆರಿಕದ ಯಾವುದೋ ಊರಿಗೆ ‘ಬ್ರೌನ್‌ಫೀಲ್ಡ್ ಅನುದಾನ’ ಸಿಕ್ಕಿತೆಂಬ ಸುದ್ದಿ ಕನ್ನಡಕ್ಕೆ ಬರುವಷ್ಟರಲ್ಲಿ ‘ಹಳೆ ಕಾರ್ಖಾನೆಗಳ ವಿಸ್ತರಣೆಗೆ ನೆರವು’ ಆಗಿಬಿಟ್ಟಿರುತ್ತದೆ. ಒಂದೆರಡು ಸಲವಾಗಿದ್ದರೆ ಸುಮ್ಮನಿರಬಹುದಿತ್ತು. ಮೊನ್ನೆ ಮತ್ತೆ ಕಣ್ಣಿಗೆ ಬಿತ್ತು, ಈ ಸಲ ‘ಕಂದು ಭೂಮಿ’ ಎಂಬ ಅನುವಾದದ ಸಮೇತ. ಆ ಅನುದಾನದಲ್ಲಿ ಕಾರ್ಖಾನೆ ಹಿಗ್ಗಿಸಲು ಒಂದು ಇಟ್ಟಿಗೆಯೂ ಬರುವುದಿಲ್ಲ.

ತಪ್ಪಿನ ಮೂಲ ನಮ್ಮ ವಾಣಿಜ್ಯ ಪುಟಗಳಲ್ಲೇ ಇದೆ. ಅಲ್ಲಿ ಗ್ರೀನ್‌ಫೀಲ್ಡ್ ಎಂದರೆ ಖಾಲಿ ಜಾಗದಲ್ಲಿ ಹೊಸದಾಗಿ ಕಟ್ಟಿದ್ದು, ದೇವನಹಳ್ಳಿಯ ವಿಮಾನ ನಿಲ್ದಾಣ ಇದ್ದಂತೆ. ಬ್ರೌನ್‌ಫೀಲ್ಡ್ ಎಂದರೆ ಇದ್ದದ್ದನ್ನೇ ಬೆಳೆಸಿದ್ದು, ಹುಬ್ಬಳ್ಳಿಯದಿದ್ದಂತೆ. ಔಷಧ ಕಂಪನಿಗಳ ವಿದೇಶಿ ಹೂಡಿಕೆ ನಿಯಮದಲ್ಲೂ ಇದೇ ಅರ್ಥ. ಇದು ತಪ್ಪೇನಲ್ಲ, ಹಾಗೆ ನೋಡಿದರೆ ಇದೇ ಹಳೆಯದು. 1970ರ ದಶಕದಲ್ಲೇ ಅಮೆರಿಕದ ಉಕ್ಕು ಉದ್ಯಮದವರು ಇರುವ ಕಾರ್ಖಾನೆಯನ್ನು ವಿಸ್ತರಿಸುವುದಕ್ಕೆ ಹೀಗನ್ನುತ್ತಿದ್ದರು. ಕಾರ್ಖಾನೆಗಳು ಬಾಗಿಲು ಹಾಕಿದ ಊರುಗಳಲ್ಲಿ, 1990ರ ದಶಕದಲ್ಲಿ, ಪದ ಮಗ್ಗುಲು ಬದಲಿಸಿ, ಮಾಲಿನ್ಯದ ಅನುಮಾನದಿಂದ ಪಾಳುಬಿದ್ದ ಜಾಗಕ್ಕೆ ಅಂಟಿಕೊಂಡಿತು. ಬ್ರಿಟನ್ನಿನಲ್ಲಿ ಇನ್ನೂ ಬೇರೆ: ಹಿಂದೆ ಏನಾದರೂ ಕಟ್ಟಿದ್ದ ಜಾಗ, ಮಲಿನವಾಗಿರಲಿ ಬಿಡಲಿ.

ಅಮೆರಿಕದ 2002ರ ಕಾನೂನಿನ ವ್ಯಾಖ್ಯೆ ಸ್ಥೂಲವಾಗಿ ಹೀಗಿದೆ: ಅಪಾಯಕಾರಿ ವಸ್ತು ಇರುವುದರಿಂದ ಅಥವಾ ಇರಬಹುದಾದ್ದರಿಂದ ಮರುಬಳಕೆಗೆ ತೊಡಕಾಗಿರುವ ಆಸ್ತಿ. ಎಲ್ಲರೂ ಹಾರಿಸಿ ಓದುವುದು ಆ ‘ಇರಬಹುದಾದ್ದರಿಂದ’ ಎಂಬುದನ್ನೇ. ಇಡೀ ವ್ಯವಸ್ಥೆ ನಿಂತಿರುವುದೂ ಅದರ ಮೇಲೇ. ಬ್ರೌನ್‌ಫೀಲ್ಡ್ ಎನಿಸಿಕೊಂಡ ಸೈಟು ಕೊರೆದು ನೋಡಿದರೆ ಶುದ್ಧವಾಗಿಯೇ ಇರಬಹುದು.

ಬರೀ ಅನುಮಾನಕ್ಕೆ ಇಷ್ಟು ತೂಕ ಬಂದದ್ದು ಸೂಪರ್‌ಫಂಡ್ ಎಂಬ, ವಿಷತ್ಯಾಜ್ಯದ ಜಾಗಗಳನ್ನು ಶುದ್ಧಮಾಡಿಸುವ ಕಾನೂನಿನಿಂದ. ನ್ಯೂಯಾರ್ಕ್ ರಾಜ್ಯದ ಲವ್ ಕೆನಾಲ್‌ನಲ್ಲಿ ರಾಸಾಯನಿಕ ತ್ಯಾಜ್ಯ ಹೂತಿದ್ದ ಕಡೆ ಶಾಲೆ, ಸುತ್ತ ಮನೆಗಳು ಎದ್ದು ರಾದ್ಧಾಂತವಾದ ಮೇಲೆ, 1980ರಲ್ಲಿ ಆ ಕಾನೂನು ಬಂತು. ಅದರ ಪ್ರಕಾರ ವಿಷ ಸುರಿದವರ ಜೊತೆಗೆ ಈಗಿನ ಮಾಲೀಕನೂ ಹೊಣೆ. ಯಾವ ಕಾಲದಲ್ಲೋ ಯಾರೋ ಸುರಿದದ್ದಕ್ಕೆ ನಿನ್ನೆ ಕ್ರಯಪತ್ರ ಮಾಡಿಸಿಕೊಂಡವನು ಸಿಕ್ಕಿಹಾಕಿಕೊಳ್ಳಬೇಕು. ಬ್ಯಾಂಕುಗಳು ಸಾಲ ಕೊಡಲು ಹಿಂಜರಿದವು. ಮಣ್ಣು ಪರೀಕ್ಷೆ ಮಾಡಿಸಿ ಗೊತ್ತುಮಾಡಿಕೊಂಡರೆ ತಾನೇ ತೊಂದರೆ, ಗೊಡವೆಯೇ ಬೇಡವೆಂದು ಮಾಲೀಕರು ಬೇಲಿ ಹಾಕಿ ಕೂತರು. ಪೇಟೆ ನಡುವಿನ ಜಾಗ ಪಾಳುಬಿತ್ತು, ಹೊಸ ಉದ್ಯಮ ಊರಾಚೆಯ ಹೊಲಕ್ಕೆ ಹೋಯಿತು.

ಸರ್ಕಾರದ ದುಡ್ಡಿನ ಮೊದಲ ಕೆಲಸ ಈ ಅನುಮಾನವನ್ನು ಬಗೆಹರಿಸುವುದು. 1993ರಲ್ಲಿ ಕ್ಲೀವ್‌ಲ್ಯಾಂಡ್ ಇರುವ ಕಾಯಹೋಗ ಕೌಂಟಿಯಲ್ಲಿ ಪ್ರಯೋಗ ಶುರುವಾಯಿತು. 2021ರ ಮೂಲಸೌಕರ್ಯ ಕಾನೂನು ಇದಕ್ಕೆಂದೇ 150 ಕೋಟಿ ಡಾಲರ್ ಎತ್ತಿಟ್ಟಿತು. ಪರೀಕ್ಷೆಗೆ ಒಂದು ಅನುದಾನ, ಶುದ್ಧೀಕರಣಕ್ಕೆ ಇನ್ನೊಂದು, ಸಾಲ ಕೊಟ್ಟು ವಾಪಸ್ ಬಂದದ್ದನ್ನು ಮತ್ತೆ ಸಾಲ ಕೊಡುವ ಆವರ್ತ ನಿಧಿ ಮತ್ತೊಂದು.

ಪರೀಕ್ಷೆಯ ಮೊದಲ ಹಂತದಲ್ಲಿ ಯಾರೂ ಗುದ್ದಲಿ ಮುಟ್ಟುವುದಿಲ್ಲ, ಎಲ್ಲ ಕಾಗದದ ಕೆಲಸ ಮತ್ತು ಸುತ್ತಾಟ. ಬೆಂಕಿ ವಿಮೆಗಾಗಿ ಬರೆಸಿದ ಸ್ಯಾನ್‌ಬಾರ್ನ್ ನಕ್ಷೆಗಳು ಇಲ್ಲಿ ಚಿನ್ನದ ಗಣಿ. ಇಟ್ಟಿಗೆ ಕಟ್ಟಡಕ್ಕೆ ಗುಲಾಬಿ, ಮರದ್ದಕ್ಕೆ ಹಳದಿ. ಬೆಂಕಿ ಹತ್ತುವ ವಸ್ತುವೆಂದು ಪೆಟ್ರೋಲ್ ಟ್ಯಾಂಕನ್ನೂ ಗುರುತು ಹಾಕಿರುತ್ತಾರೆ. ಈಗ ಪಾರ್ಕಿಂಗ್ ಜಾಗವಾಗಿರುವಲ್ಲಿ ಒಮ್ಮೆ ಬಂಕ್ ಇತ್ತೋ, ಬಟ್ಟೆಗೆ ಪರ್‌ಕ್ಲೋರೋಎಥಿಲೀನ್ ಎಂಬ ರಾಸಾಯನಿಕ ಬಳಸುವ ಡ್ರೈಕ್ಲೀನರ್ ಇತ್ತೋ ಎಂಬುದು ಹೀಗೆ ಸಿಗುತ್ತದೆ. ಸಂಶಯ ಗಟ್ಟಿಯಾದರೆ ಎರಡನೇ ಹಂತ: ಯಂತ್ರದಲ್ಲಿ ಕೊರೆದು ಮಣ್ಣು, ಅಂತರ್ಜಲ ತೆಗೆದು ಲ್ಯಾಬಿಗೆ. ಕೊಳ್ಳುವ ಮೊದಲೇ ಈ ವಿಚಾರಣೆ ಸರಿಯಾಗಿ ಮಾಡಿಸಿ, ಆಮೇಲೂ ಎಚ್ಚರದಿಂದಿದ್ದವನಿಗೆ 2002ರ ಕಾನೂನು ಆ ಹಳೆಯ ಹೊಣೆಯಿಂದ ರಕ್ಷಣೆ ಕೊಡುತ್ತದೆ. ನನ್ನ ಪ್ರಕಾರ ದುಡ್ಡಿಗಿಂತ ದೊಡ್ಡ ನೆರವು ಇದು.

ಇಷ್ಟಾದರೂ ಸೂಪರ್‌ಫಂಡ್, ಬ್ರೌನ್‌ಫೀಲ್ಡ್ ಎರಡನ್ನೂ ಒಂದೇ ಉಸಿರಲ್ಲಿ ಹೇಳುವವರಿದ್ದಾರೆ. ಸೂಪರ್‌ಫಂಡ್‌ನ ಆದ್ಯತಾ ಪಟ್ಟಿಯಲ್ಲಿರುವ (ಅಂದರೆ ತೀರಾ ಮಲಿನವಾದ) ಜಾಗ ಬ್ರೌನ್‌ಫೀಲ್ಡ್ ವ್ಯಾಖ್ಯೆಗೇ ಬರುವುದಿಲ್ಲ. ‘ಮಲಿನ ಮಾಡಿದ ಕಂಪನಿಗೇ ದುಡ್ಡು ಕೊಡುತ್ತಾರೆ’ ಎಂಬ ಸಿಡುಕೂ ಸಲ್ಲ: ಅರ್ಜಿ ಹಾಕುವವರು ಸ್ಥಳೀಯ ಸರ್ಕಾರ, ಮೂಲನಿವಾಸಿ ಆಡಳಿತ, ಲಾಭರಹಿತ ಸಂಸ್ಥೆಯಂಥವರು, ಮಾಲಿನ್ಯಕ್ಕೆ ಹೊಣೆಯಾದವರಿಗೆ ಆ ಜಾಗದ ಶುದ್ಧೀಕರಣಕ್ಕೆ ಈ ಅನುದಾನ ಇಲ್ಲ. ಶುದ್ಧೀಕರಣವೆಂದರೆ ಮಣ್ಣೆಲ್ಲ ತೋಡಿ ಸಾಗಿಸುವುದು ಎಂದೂ ಅಲ್ಲ. ಎಷ್ಟೋ ಕಡೆ ಮೇಲೆ ಡಾಂಬರು ಹೊದಿಸಿ, ಇಲ್ಲಿ ಮನೆ ಕಟ್ಟಕೂಡದು, ಬಾವಿ ತೋಡಕೂಡದು ಎಂದು ಆಸ್ತಿಪತ್ರದಲ್ಲಿ ಬರೆಸುತ್ತಾರೆ.

ನಮ್ಮಲ್ಲಿ ಇದಕ್ಕೆ ಹತ್ತಿರದ್ದು 2025ರ ಕಲುಷಿತ ಸ್ಥಳಗಳ ನಿರ್ವಹಣಾ ನಿಯಮಗಳು. ಆದರೆ ಅಮೆರಿಕದ ವ್ಯಾಖ್ಯೆ ಗಣಿಯಿಂದ ಹಾಳಾದ ನೆಲವನ್ನು ಹೆಸರಿಟ್ಟೇ ಸೇರಿಸಿಕೊಂಡರೆ, ನಮ್ಮ ನಿಯಮಗಳು ಗಣಿಗಾರಿಕೆಯ ಮಾಲಿನ್ಯವನ್ನು ಸಾಮಾನ್ಯವಾಗಿ ಹೊರಗಿಟ್ಟಿವೆ. ಹಾಗಾಗಿ 2001ರಲ್ಲಿ ಗಣಿ ಮುಚ್ಚಿದ ಕೆಜಿಎಫ್‌ನ ಸೈನೈಡ್ ಗುಡ್ಡಗಳು ಅಲ್ಲಿದ್ದಿದ್ದರೆ ಬ್ರೌನ್‌ಫೀಲ್ಡ್ ಎನ್ನಿಸಿಕೊಳ್ಳಬಹುದಿತ್ತು. ಹುಬ್ಬಳ್ಳಿ ವಿಮಾನ ನಿಲ್ದಾಣ ಎನ್ನಿಸಿಕೊಳ್ಳುತ್ತಿರಲಿಲ್ಲ.