ಅವಿಭಾಜ್ಯ ಅಪವರ್ತನ: ಕೋಲಾರದ ಪಿನ್‌ಕೋಡ್ ಒಡೆದಾಗ

ಕೋಲಾರದ ವಿಳಾಸ ಬರೆದರೆ ಕೊನೆಗೆ 563101 ಬರುತ್ತದೆ. ನಾನು ಇದನ್ನು ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಒಂದು ಸಂಜೆ ಸುಮ್ನೆ ಪೆನ್ನು ಹಿಡಿದು ಕೂತು ಒಡೆದು ನೋಡಿದೆ.

ಒಡೆಯುವುದು ಅಂದರೆ ಏನು? 2, 3, 5, 7, 11 ಇವುಗಳಿಗೆ 1 ಮತ್ತು ತಮ್ಮನ್ನು ಬಿಟ್ಟರೆ ಬೇರೆ ಯಾವುದರಿಂದಲೂ ಭಾಗ ಹೋಗುವುದಿಲ್ಲ. ಇಂಥವು ಅವಿಭಾಜ್ಯ ಸಂಖ್ಯೆಗಳು. 12 ಅನ್ನು 2×2×3 ಎಂದು ಬರೆದರೆ, ಆ ತುಂಡುಗಳೇ 12ರ ಅವಿಭಾಜ್ಯ ಅಪವರ್ತನಗಳು.

ಈಗ ನಮ್ಮ 563101. ಕೊನೆಯ ಅಂಕಿ 1, ಹಾಗಾಗಿ 2 ಮತ್ತು 5 ಇಲ್ಲ. ಅಂಕಿಗಳನ್ನು ಕೂಡಿದರೆ 16, ಹಾಗಾಗಿ 3 ಕೂಡ ಇಲ್ಲ. ಮುಂದೆ ನನಗೆ ತುಂಬಾ ಇಷ್ಟವಾದ ಒಂದು ಉಪಾಯವಿದೆ. ಸಂಖ್ಯೆಯನ್ನು ಮೂರು ಮೂರು ಅಂಕಿಗಳಾಗಿ ಬಿಡಿಸಿ ಕಳೆಯಬೇಕು: 563−101=462. ಈ 462ಕ್ಕೆ 7ರಿಂದ ಭಾಗ ಹೋಗುತ್ತದೆ, 11ರಿಂದಲೂ ಹೋಗುತ್ತದೆ, 13ರಿಂದ ಹೋಗುವುದಿಲ್ಲ. 563101ರ ಕಥೆಯೂ ಅದೇ! ಯಾಕೆಂದರೆ 7×11×13=1001, ಮತ್ತು 563101 ಅಂದರೆ 563×1001ರಲ್ಲಿ 462 ಕಳೆದಷ್ಟು.

7 ಮತ್ತು 11 ತೆಗೆದರೆ 7313 ಉಳಿಯುತ್ತದೆ. ಇಲ್ಲಿಂದ ಬರೀ ತಾಳ್ಮೆಯ ಕೆಲಸ. 7, 11 ಮತ್ತೆ ಹೋಗಲಿಲ್ಲ. 17ರಿಂದ 67ರವರೆಗಿನ ಹದಿಮೂರು ಅವಿಭಾಜ್ಯ ಸಂಖ್ಯೆಗಳಲ್ಲೂ ಶೇಷ ಉಳಿಯಿತು. ಹದಿನಾಲ್ಕನೆಯದು 71. 71×103=7313. ಆ ಸೊನ್ನೆ ಶೇಷ ಕಂಡಾಗ ಆದ ಖುಷಿಯೇ ಬೇರೆ.

ಅಂದರೆ 563101=7×11×71×103. ಯಾರು ಯಾವ ಕಡೆಯಿಂದ ಒಡೆದರೂ ಇದೇ ನಾಲ್ಕು ಸಿಗುತ್ತವೆ, ಐದನೆಯದು ಸಿಗುವುದಿಲ್ಲ. ಹತ್ತನೇ ತರಗತಿಯಲ್ಲಿ ‘ಅಂಕಗಣಿತದ ಮೂಲಭೂತ ಪ್ರಮೇಯ’ ಅಂತ ಓದಿದ್ದೆವಲ್ಲ, ಅದು ಹೇಳುವುದು ಇದನ್ನೇ. ಈ ನಾಲ್ಕರಲ್ಲಿ ಒಂದೊಂದನ್ನೂ ತೆಗೆದುಕೊಳ್ಳಬಹುದು, ಬಿಡಬಹುದು. ಹಾಗಾಗಿ 563101ಕ್ಕೆ ಒಟ್ಟು 2×2×2×2, ಅಂದರೆ 16 ಭಾಜಕಗಳು.

ತುಮಕೂರಿನ 572101 ಕೂಡ ಒಡೆಯುತ್ತದೆ: 17×73×461. ಚಿಕ್ಕಬಳ್ಳಾಪುರದ 562101 ಮಾತ್ರ ಗಟ್ಟಿ. ಅದರಿಂದ 3 ತೆಗೆದರೆ ಉಳಿಯುವ 187367 ಅವಿಭಾಜ್ಯ. ಹಾಗಂತ ಕೈಯಲ್ಲಿ ಖಚಿತಪಡಿಸಿಕೊಳ್ಳಲು 431ರವರೆಗಿನ ಎಲ್ಲ 83 ಅವಿಭಾಜ್ಯ ಸಂಖ್ಯೆಗಳಿಂದ ಭಾಗಿಸಿ ನೋಡಬೇಕು. 433ರಿಂದ ಆಚೆ ನೋಡುವುದು ಬೇಡ, ಯಾಕೆಂದರೆ 433×433 ಆಗಲೇ 187489, ನಮ್ಮ ಸಂಖ್ಯೆಗಿಂತ ಜಾಸ್ತಿ.

ಆರು ಅಂಕಿಗೇ ಇಷ್ಟು ಕೆಲಸ ಅಲ್ವಾ? ಗುಣಿಸುವುದು ಕ್ಷಣದ ಕೆಲಸ, ಗುಣಿಸಿದ್ದನ್ನು ಬಿಡಿಸುವುದು ಮಹಾ ಕಷ್ಟ. ಅಂತರ್ಜಾಲದಲ್ಲಿ ಗುಟ್ಟು ಕಾಯುವ ಆರ್‌ಎಸ್‌ಎ ಎಂಬ ಬೀಗ ನಿಂತಿರುವುದು ಈ ಕಷ್ಟದ ಮೇಲೆಯೇ. ಎರಡು ದೊಡ್ಡ ಅವಿಭಾಜ್ಯ ಸಂಖ್ಯೆಗಳನ್ನು ಗುಣಿಸಿ, ಉತ್ತರವನ್ನು ಮಾತ್ರ ಎಲ್ಲರಿಗೂ ತೋರಿಸುತ್ತಾರೆ. ಹೀಗೆ ಮಾಡಿದ 250 ಅಂಕಿಗಳ ಒಂದು ಸಂಖ್ಯೆಯನ್ನು ಗಣಿತಜ್ಞರು 2020ರಲ್ಲಿ ಒಡೆದರು. ಅದಕ್ಕೆ ಸಾವಿರಾರು ಕಂಪ್ಯೂಟರ್ ಕೋರ್‌ಗಳು, ಅಂದರೆ ಕಂಪ್ಯೂಟರ್‌ನೊಳಗೆ ಲೆಕ್ಕ ಮಾಡುವ ಘಟಕಗಳು, ಒಟ್ಟಿಗೆ ದುಡಿದವು. ಒಂದೇ ಕೋರ್ ಕೈಗೆ ಕೊಟ್ಟಿದ್ದರೆ ಸುಮಾರು 2,700 ವರ್ಷ ಬೇಕಾಗುತ್ತಿತ್ತು.