ಭಾವಗೀತೆಗೂ ಸಿನಿಮಾ ಹಾಡಿಗೂ ಒಂದೇ ಬೇಸ್ ಗಿಟಾರ್ ಸಾಕಾ?

ಪ್ರಶ್ನೆ: ನಾನು ತೀರ್ಥಹಳ್ಳಿಯವನು. ಶಿವಮೊಗ್ಗದ ಒಂದು ಆರ್ಕೆಸ್ಟ್ರಾದಲ್ಲಿ ಬೇಸ್ ಗಿಟಾರ್ ನುಡಿಸೋಕೆ ಕರೆದಿದ್ದಾರೆ. ಗಣಪತಿ ಪೆಂಡಾಲಿನಲ್ಲಿ ಸಿನಿಮಾ ಹಾಡು, ಮದುವೆ ಮನೆಯಲ್ಲಿ ಭಾವಗೀತೆ, ಎರಡೂ ಇರುತ್ತದೆ. ಕೈಯಲ್ಲಿರುವುದು 20 ಸಾವಿರ ರೂಪಾಯಿ. ಎಲ್ಲದಕ್ಕೂ ಒದಗುವ ಬೇಸ್ ಯಾವುದು?

ನಾಲ್ಕು ತಂತಿಯ, ಬ್ಯಾಟರಿ ಬೇಡದ, ಪಿ-ಜೆ ಪಿಕಪ್ (ತಂತಿಯ ಕಂಪನವನ್ನು ಹಿಡಿದು ಆಂಪ್‌ಗೆ ಕಳಿಸುವ ಭಾಗ) ಇರುವ ಬೇಸ್ ತಗೊಳ್ಳಿ. ಆದರೆ 20 ಸಾವಿರವನ್ನೂ ಅಂಗಡಿಯಲ್ಲೇ ಕೊಟ್ಟು ಬರಬೇಡಿ. ಎರಡು ಮೂರು ಸಾವಿರ ಉಳಿಸಿಕೊಳ್ಳಿ. ಮಳೆಯ ಊರಲ್ಲಿರುವ ನಮಗೆ ಆ ದುಡ್ಡು ಬೇಕಾಗುತ್ತದೆ.

ಫೆಂಡರ್ ಕಂಪನಿ 1951ರಲ್ಲಿ ಪ್ರಿಸಿಷನ್ ಬೇಸ್ ತಂದಿತು, 1960ರಲ್ಲಿ ಜಾಝ್ ಬೇಸ್. ಪಿ ಮತ್ತು ಜೆ ಅನ್ನೋ ಅಕ್ಷರಗಳು ಅಲ್ಲಿಂದಲೇ ಬಂದವು. ಪಿ ಪಿಕಪ್ ಬೇಸಿನ ಮೈಯ ಹೆಚ್ಚು ಕಡಿಮೆ ಮಧ್ಯದಲ್ಲಿ ಕೂತಿರುತ್ತದೆ. ಅಲ್ಲಿ ತಂತಿ ಚೆನ್ನಾಗಿ ಆಡುತ್ತದೆ, ಸದ್ದು ದುಂಡಗೆ, ತುಂಬಿಕೊಂಡು ಬರುತ್ತದೆ. ಜೆ ಪಿಕಪ್ ಬ್ರಿಡ್ಜ್ (ಮೈಯ ಮೇಲೆ ತಂತಿಯ ತುದಿ ಕೂರುವ ಪಟ್ಟಿ) ಹತ್ತಿರ ಇರುತ್ತದೆ. ಅಲ್ಲಿ ತಂತಿಯ ಆಟ ಕಡಿಮೆ, ಹಾಗಾಗಿ ಸದ್ದು ತೆಳು, ಆದರೆ ಒಂದೊಂದು ಸ್ವರವೂ ಬಿಡಿಬಿಡಿಯಾಗಿ ಕೇಳುತ್ತದೆ. ಪಿ-ಜೆ ಬೇಸಿನಲ್ಲಿ ಎರಡೂ ಇರುತ್ತವೆ.

ಪೆಂಡಾಲಿನಲ್ಲಿ ಡ್ರಮ್ಸ್, ಕೀಬೋರ್ಡ್ ಎಲ್ಲ ಒಟ್ಟಿಗೆ ಎದ್ದಾಗ ಪಿ ಒಂದನ್ನೇ ಇಟ್ಟು ನುಡಿಸಿ. ಹಾಡಿಗೆ ನೆಲ ಸಿಕ್ಕಂತಾಗುತ್ತದೆ. ಭಾವಗೀತೆಗೆ ಅದೇ ಸದ್ದು ಇಟ್ಟರೆ ತಬಲಾದ ಡಗ್ಗ ಮುಚ್ಚಿಹೋಗುತ್ತದೆ. ಅಲ್ಲಿ ಜೆ ಸ್ವಲ್ಪ ಸೇರಿಸಿ, ವಾಲ್ಯೂಮ್ ಇಳಿಸಿ, ಸ್ವರಗಳನ್ನೂ ಕಡಿಮೆ ಮಾಡಿ. ಗಾಯಕಿಯ ಮಾತು ಕೇಳಬೇಕು, ಅಲ್ವಾ? ಜೆ ಒಂದನ್ನೇ ಜಾಸ್ತಿ ಮಾಡಿದರೆ 'ಗುಂಯ್' ಅನ್ನಬಹುದು. ಅದರಲ್ಲಿ ಒಂದೇ ಸುರುಳಿ ಇರುವುದರಿಂದ ಸುತ್ತಲಿನ ಕರೆಂಟಿನ ಸದ್ದನ್ನು ಎಳೆದುಕೊಳ್ಳುತ್ತದೆ. ಅರ್ಥಿಂಗ್ ಸರಿಯಿಲ್ಲದ ಕಡೆ ಇನ್ನೂ ಹೆಚ್ಚು.

ಯಮಾಹಾ ಟಿಆರ್‌ಬಿಎಕ್ಸ್ 174, ಕಾರ್ಟ್ ಆಕ್ಷನ್ ಪಿ-ಜೆ, ಸ್ಕ್ವಯರ್ ಅಫಿನಿಟಿ ಪಿ-ಜೆ, ಮೂರೂ ಇದೇ ಜಾತಿಯವು. ಬೆಲೆ ಏರಿಳಿಯುತ್ತಿರುತ್ತದೆ, ಕೊಳ್ಳುವ ದಿನ ವಿಚಾರಿಸಿ. ಬಜೆಟ್ ಮೀರಿದರೆ ಒಬ್ಬರು ಬಳಸಿದ್ದು ತಗೊಳ್ಳುವುದರಲ್ಲಿ ತಪ್ಪೇನಿಲ್ಲ. ಬ್ಯಾಟರಿ ಹಾಕುವ ಆಕ್ಟಿವ್ ಬೇಸ್ ಈಗಲೇ ಬೇಡ. ಹೆಚ್ಚಿನವುಗಳಲ್ಲಿ 9 ವೋಲ್ಟಿನ ಬ್ಯಾಟರಿ ಮುಗಿದರೆ ಹಾಡಿನ ನಡುವೆಯೇ ಸದ್ದು ನಿಂತುಹೋಗುತ್ತದೆ.

ಇನ್ನು ಆ ಉಳಿಸಿದ ದುಡ್ಡಿನ ವಿಷಯ. ನನ್ನ ಮೊದಲ ಬೇಸ್ ಕೊಂಡಿದ್ದು ಏಪ್ರಿಲ್‌ನಲ್ಲಿ. ಬೆಣ್ಣೆಯ ಹಾಗೆ ನುಡಿಯುತ್ತಿತ್ತು. ಆರಿದ್ರಾ ಮಳೆ ಹಿಡಿದ ಮೇಲೆ ತಂತಿ ಎಷ್ಟು ಮೇಲೆದ್ದಿತೆಂದರೆ ಒತ್ತಿ ಒತ್ತಿ ಬೆರಳು ನೊಂದಿತು. ಬೇಸೇ ಕೆಟ್ಟಿತು ಅಂದುಕೊಂಡು ಎರಡು ತಿಂಗಳು ಮುಟ್ಟಲಿಲ್ಲ. ಆ ಎರಡು ತಿಂಗಳ ಬಗ್ಗೆ ಈಗಲೂ ಬೇಸರ ಇದೆ. ಆಗಿದ್ದು ಇಷ್ಟೇ: ಮರ ಥಂಡಿ ಕುಡಿದು ನೆಕ್, ಅಂದರೆ ಬೇಸಿನ ಉದ್ದನೆಯ ಕತ್ತು, ಬಾಗಿತ್ತು. ನೆಕ್ ಒಳಗೆ ಟ್ರಸ್ ರಾಡ್ ಅನ್ನೋ ಕಬ್ಬಿಣದ ಸರಳಿದೆ. ಅದನ್ನು ಕಾಲು ಸುತ್ತು ತಿರುಗಿಸಿದರೆ ಸಾಕಿತ್ತು.

ಅಂಗಡಿಯಲ್ಲೇ ಇದನ್ನು ನೋಡಿಕೊಳ್ಳಿ. ನೆಕ್ ಮೇಲೆ ಅಡ್ಡಕ್ಕಿರುವ ಲೋಹದ ಗೆರೆಗಳೇ ಫ್ರೆಟ್. ದಪ್ಪ ತಂತಿಯನ್ನು ಮೊದಲ ಫ್ರೆಟ್‌ನಲ್ಲಿ ಒಂದು ಕೈಯಿಂದ, ನೆಕ್ ಮೈಗೆ ಸೇರುವ ಕಡೆ ಇನ್ನೊಂದು ಕೈಯಿಂದ ಒತ್ತಿ. ಏಳನೇ ಫ್ರೆಟ್ ಹತ್ತಿರ ತಂತಿಯ ಕೆಳಗೆ ಒಂದು ವಿಸಿಟಿಂಗ್ ಕಾರ್ಡ್ ನುಸುಳುವಷ್ಟು ಜಾಗ ಇರಬೇಕು. ಜಾಗವೇ ಇಲ್ಲದಿದ್ದರೂ, ತುಂಬಾ ಇದ್ದರೂ ಸರಿ ಮಾಡಿಸಬೇಕು. ರಾಡ್ ಇನ್ನು ತಿರುಗುವುದೇ ಇಲ್ಲ ಅನ್ನುವಂಥ ಬೇಸ್ ಎಷ್ಟೇ ಅಗ್ಗವಾದರೂ ಬಿಟ್ಟುಬಿಡಿ. ಆಮೇಲೆ ನಾಲ್ಕೂ ತಂತಿಯಲ್ಲಿ ಪ್ರತಿ ಫ್ರೆಟ್ ನುಡಿಸಿ. ತೆಳು ತಂತಿಯ ಐದರಿಂದ ಏಳನೇ ಫ್ರೆಟ್‌ವರೆಗೆ ಸದ್ದು ಬೇಗ ಸಾಯುತ್ತದಾ ಅಂತ ಕಿವಿಗೊಟ್ಟು ಕೇಳಿ. ಅದು ಬೇಸ್‌ಗಳಲ್ಲಿ ಆಗಾಗ ಕಾಣುವ ದೋಷ.

ಉಳಿದ ದುಡ್ಡಿನಲ್ಲಿ ನೆಕ್ ಸರಿ ಮಾಡಿಸಿ, ಒಂದು ಸೆಟ್ ತಂತಿ ತೆಗೆದಿಡಿ. ಮಳೆಗಾಲದಲ್ಲಿ ತಂತಿಗೆ ತುಕ್ಕು ಬೇಗ ಹಿಡಿಯುತ್ತದೆ. ನುಡಿಸಿದ ಮೇಲೆ ಒಣಬಟ್ಟೆಯಲ್ಲಿ ಒರೆಸಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಚೀಲದಲ್ಲಿಡಿ. ಬೆಚ್ಚಗಿರಲಿ ಅಂತ ಒಲೆಯ ಮೇಲಿನ ಅಟ್ಟಕ್ಕೆ ಏರಿಸಬೇಡಿ. ಅಡಿಕೆಗೆ ಹಿತವಾದ ಬಿಸಿ ನೆಕ್‌ಗೆ ಆಗದು.

ಮನೆಯಲ್ಲಿ ಚಿಕ್ಕ ಗಿಟಾರ್ ಆಂಪ್ ಇದ್ದರೆ ಅದರಲ್ಲಿ ಜೋರಾಗಿ ನುಡಿಸಬೇಡಿ. ಬೇಸಿನ ದಪ್ಪ ತಂತಿ 41 ಹರ್ಟ್ಜ್‌ವರೆಗೆ ಇಳಿಯುತ್ತದೆ, ಸ್ಪೀಕರ್ ಹರಿಯಬಹುದು. ಅಭ್ಯಾಸಕ್ಕೆ ಹೆಡ್‌ಫೋನ್ ಆಂಪ್ ಸಾಕು. ಕಾರ್ಯಕ್ರಮದಲ್ಲಿ ಹೇಗೂ ಮೈಕ್ ಸೆಟ್‌ನವರ ಮಿಕ್ಸರ್‌ಗೆ ಡಿಐ ಬಾಕ್ಸ್ (ಬೇಸಿನ ಸದ್ದನ್ನು ಮಿಕ್ಸರ್‌ಗೆ ಹೊಂದಿಸುವ ಚಿಕ್ಕ ಪೆಟ್ಟಿಗೆ) ಮೂಲಕ ಕೊಡಬಹುದು.