ಒಂದು ಲೋಗೋಗೆ ಮೂರು ವಾರ ಯಾಕೆ?

ಪ್ರಶ್ನೆ: ತಿಪಟೂರಿನ ಹತ್ತಿರ ಮರದ ಗಾಣ ಹಾಕಿದ್ದೇವೆ, ಕೊಬ್ಬರಿ ಎಣ್ಣೆ ಬಾಟಲಿಗೆ ತುಂಬಿ ಮಾರಬೇಕು. ಲೋಗೋ, ಲೇಬಲ್ಲು, ಅಂಗಡಿಗೊಂದು ಬೋರ್ಡು ಬೇಕು. ತುಮಕೂರಿನ ಫ್ಲೆಕ್ಸ್ ಅಂಗಡಿಯವರು ಸಂಜೆಯೊಳಗೆ ಕೊಡ್ತೀವಿ ಅಂದರು. ಮನೆಯಿಂದಲೇ ಕೆಲಸ ಮಾಡೋ ಡಿಸೈನರ್ ಒಬ್ಬರು ಮೂರು ವಾರ ಬೇಕು, ಅರ್ಧ ದುಡ್ಡು ಮುಂಗಡ ಕೊಡಿ ಅಂತಾರೆ. ಅಷ್ಟು ದಿನ ಕೂತು ಮಾಡೋದೇನಿರುತ್ತೆ?

ಉತ್ತರ: ಮೊದಲು ಫ್ಲೆಕ್ಸ್ ಅಂಗಡಿಯವರ ಪರವಾಗಿ ಒಂದು ಮಾತು. ಗೃಹಪ್ರವೇಶದ ಬ್ಯಾನರ್, ಗಣೇಶನ ಪೆಂಡಾಲಿನ ಬೋರ್ಡು, ಹುಟ್ಟುಹಬ್ಬದ ಕಟೌಟು, ಇಂಥದ್ದಕ್ಕೆಲ್ಲ ಡಿಸೈನರ್ ಹತ್ತಿರ ಹೋಗೋದು ದಂಡ. ಅಂಗಡಿಯ ಆಪರೇಟರ್ ಹುಡುಗರು ಕೋರಲ್‌ಡ್ರಾ ಅನ್ನೋ ಡಿಸೈನ್ ಸಾಫ್ಟ್‌ವೇರಿನಲ್ಲಿ ಕೈ ಓಡಿಸೋ ವೇಗ ನನಗೆ ಈಗಲೂ ಇಲ್ಲ. ಆದರೆ ಅವರು ಮಾರೋದು ಪ್ರಿಂಟನ್ನು, ಚದರಡಿ ಲೆಕ್ಕದಲ್ಲಿ. ಡಿಸೈನು ಅದರ ಜೊತೆ ಹಾಕೋ ಕೊಸರು. ಮಷೀನು ಓಡಿದರಷ್ಟೇ ಅವರಿಗೆ ದುಡ್ಡು. ಹಾಗಾಗಿ ನಿಮ್ಮ ಹೆಸರಿನ ಪಕ್ಕ ಕಂಪ್ಯೂಟರಿನಲ್ಲಿ ರೆಡಿ ಇರೋ ತೆಂಗಿನಮರ ಕೂರಿಸಿ ಮುಂದಿನ ಗಿರಾಕಿಗೆ ಹೋಗಲೇಬೇಕು. ಅದೇ ಮರ ಪಕ್ಕದ ಊರಿನವರ ಬಾಟಲಿಯ ಮೇಲೂ ಇರುತ್ತೆ.

ಇನ್ನು ಮೂರು ವಾರದ ಲೆಕ್ಕ. ಅದರಲ್ಲಿ ಬಿಡಿಸೋ ಕೆಲಸ ಹೆಚ್ಚೆಂದರೆ ಒಂದು ವಾರದ್ದು. ಉಳಿದದ್ದೆಲ್ಲ ಕೇಳೋದು, ನೋಡೋದು, ತಿದ್ದೋದು, ಪ್ರಿಂಟಿಗೆ ತಯಾರು ಮಾಡೋದು.

ನಾನಾದರೆ ಮೊದಲು ಕೇಳೋದು ಇದು: ಎಣ್ಣೆ ಅಡುಗೆಗೋ, ತಲೆಗೋ? ‘ಎರಡಕ್ಕೂ’ ಅಂತಾರೆ ಎಲ್ಲರೂ, ನಮ್ಮ ಮನೆಗಳಲ್ಲಿ ಅದು ನಿಜವೂ ಹೌದು. ಲೇಬಲ್ಲಿಗೆ ಆ ಉತ್ತರ ಸಾಲದು. ಅಡುಗೆಗೆ ಅಂದರೆ ಆಹಾರ ಸುರಕ್ಷತೆ ನೋಡಿಕೊಳ್ಳೋ ಕೇಂದ್ರದ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಪರವಾನಗಿ. ಕೂದಲಿಗೆ ಅಂದರೆ ಸೌಂದರ್ಯವರ್ಧಕ, ಅದರ ಲೈಸೆನ್ಸೇ ಬೇರೆ. ಸಣ್ಣ ಬಾಟಲಿಯಲ್ಲಿ ಬರೋ ಕೊಬ್ಬರಿ ಎಣ್ಣೆಗೆ ಯಾವ ತೆರಿಗೆ ಅನ್ನೋ ಜಗಳ ವರ್ಷಗಟ್ಟಲೆ ನಡೆದು 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟಿನಲ್ಲಿ ಮುಗಿಯಿತು. ಬಾಟಲಿ ಸಣ್ಣದಾದ ಮಾತ್ರಕ್ಕೆ ಅದು ಹೇರ್ ಆಯಿಲ್ ಆಗಲ್ಲ, ಲೇಬಲ್ಲು ಮತ್ತು ಪ್ಯಾಕಿಂಗು ಅದನ್ನು ಏನಂತ ಮಾರುತ್ತೆ ಅನ್ನೋದನ್ನು ನೋಡಬೇಕು ಅಂತ ಕೋರ್ಟು ಹೇಳಿತು. ಅಂದಮೇಲೆ ಉದ್ದ ಜಡೆಯ ಹೆಣ್ಣಿನ ಚಿತ್ರ ಹಾಕಬೇಕೋ ಬೇಡವೋ ಅನ್ನೋದು ಬರೀ ಅಂದಚಂದದ ವಿಷಯವಲ್ಲ.

ಎರಡನೆಯದು ಬಾಟಲಿ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ತಂಪಾದರೆ ಹೆಪ್ಪುಗಟ್ಟುತ್ತೆ. ನಮ್ಮ ಕಡೆ ಧನುರ್ಮಾಸದ ಬೆಳಗ್ಗೆ ಬಾಟಲಿ ಪೂರ್ತಿ ಬೆಳ್ಳಗಿರುತ್ತೆ, ಶಿವರಾತ್ರಿ ಕಳೆದ ಮೇಲೆ ತಿಳಿಯಾಗುತ್ತೆ. ಈಗಿನ ಫ್ಯಾಷನ್ನಿನಂತೆ ಪಾರದರ್ಶಕ ಸ್ಟಿಕ್ಕರಿನ ಮೇಲೆ ಬಿಳಿ ಅಕ್ಷರ ಹಾಕಿಸಿದಿರೋ, ಬೇಸಿಗೆಯಲ್ಲಿ ಕಾಣೋ ನಿಮ್ಮ ಹೆಸರು ಚಳಿಗಾಲದಲ್ಲಿ ಮಾಯ! ಜೊತೆಗೆ ಎಣ್ಣೆ ಕೈ. ಲ್ಯಾಮಿನೇಷನ್ ಇಲ್ಲದ ಕಾಗದದ ಲೇಬಲ್ಲು ಒಲೆ ಪಕ್ಕದಲ್ಲಿ ಕೆಲವೇ ದಿನದಲ್ಲಿ ಕಲೆ ಹಿಡಿದು ಅಂಚು ಬಿಡುತ್ತೆ. ಬಾಟಲಿ ಗಾಜೋ ಪ್ಲಾಸ್ಟಿಕ್ಕೋ, ದುಂಡಗಿದೆಯೋ ಚಪ್ಪಟೆಯೋ, ಎಣ್ಣೆ ಸಂತೆಗೆ ಹೋಗುತ್ತೋ ಬೆಂಗಳೂರಿನ ಸಾವಯವ ಅಂಗಡಿಗೋ, ಇದು ಗೊತ್ತಾಗದೆ ಬಣ್ಣ ಆರಿಸೋ ಡಿಸೈನರನ್ನು ನಾನಂತೂ ನಂಬಲ್ಲ.

ಆಮೇಲೆ ಒಕ್ಕಣೆ. ಲೇಬಲ್ಲಿನ ಮುಂಭಾಗ ನಿಮ್ಮದು, ಹಿಂಭಾಗ ಕಾನೂನಿನದು. ತಯಾರಕರ ಪೂರ್ತಿ ವಿಳಾಸ, ನಿವ್ವಳ ಪ್ರಮಾಣ, ಎಲ್ಲ ತೆರಿಗೆ ಸೇರಿದ ಎಂಆರ್‌ಪಿ, ತಯಾರಾದ ದಿನ, ಎಲ್ಲಿಯವರೆಗೆ ಬಳಸಬಹುದು, ಬ್ಯಾಚ್ ನಂಬರು, ಗ್ರಾಹಕರ ದೂರಿಗೆ ಫೋನು, 14 ಅಂಕಿಯ ಎಫ್‌ಎಸ್‌ಎಸ್‌ಎಐ ಸಂಖ್ಯೆ, ಚೌಕದೊಳಗಿನ ಹಸಿರು ಚುಕ್ಕೆ, ಹೀಗೆ ಸಾಗುತ್ತೆ. ಕಡ್ಡಾಯದ ವಿವರಗಳು ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಇರಲೇಬೇಕು, ಕನ್ನಡ ಅದರ ಜೊತೆಗೆ. (ಕನ್ನಡವೊಂದೇ ಸಾಕಾಗಬೇಕಿತ್ತು ಅಂತ ನನಗೂ ಅನಿಸುತ್ತೆ. ನಿಯಮ ಒಪ್ಪಲ್ಲ.) ಬೋರ್ಡಿನ ಲೆಕ್ಕ ಬೇರೆ. ರಾಜ್ಯದ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ ಆದ 2024ರ ತಿದ್ದುಪಡಿಯ ಪ್ರಕಾರ ನಾಮಫಲಕದಲ್ಲಿ ಶೇ. 60ರಷ್ಟು ಕನ್ನಡವಿರಬೇಕು, ಅದೂ ಮೇಲ್ಭಾಗದಲ್ಲಿ. ಈ ವಿವರ ಒಟ್ಟುಮಾಡೋದಕ್ಕೇ ಒಂದು ವಾರ ಹಿಡಿಯುತ್ತೆ. ತಪ್ಪು ತಿಳಿಯಬೇಡಿ, ಆ ವಾರದಲ್ಲಿ ಬಹುಪಾಲು ಹೋಗೋದು ‘ನಾಳೆ ಕಳಿಸ್ತೀನಿ ಸಾರ್’ ಅನ್ನೋದರಲ್ಲೇ.

ಹೆಸರಿನ ವಿಚಾರವೂ ಈ ಹಂತದಲ್ಲೇ ತೀರ್ಮಾನವಾಗಬೇಕು. ಟ್ರೇಡ್‌ಮಾರ್ಕ್ ವೆಬ್‌ಸೈಟಿನಲ್ಲಿ ಹುಡುಕೋದು ಪುಕ್ಕಟೆ. ಅಲ್ಲಿ ಸರಕುಗಳನ್ನು ವರ್ಗಗಳಾಗಿ ವಿಂಗಡಿಸಿರ್ತಾರೆ, ಅಡುಗೆ ಎಣ್ಣೆ ಬರೋದು 29ನೇ ವರ್ಗದಲ್ಲಿ. ಅಲ್ಲಿ ಬೇರೆ ಯಾರೋ ಅದೇ ಹೆಸರಿನಲ್ಲಿ ಕೂತಿದ್ದರೆ ಎಂಥಾ ಚೆಂದದ ಲೋಗೋನೂ ವ್ಯರ್ಥ.

ಈಗ ಬಿಡಿಸೋ ಕೆಲಸ. ನಾನು ಪೆನ್ಸಿಲ್ಲಿನಲ್ಲಿ, ಕಪ್ಪು ಬಿಳುಪಿನಲ್ಲೇ ಶುರು ಮಾಡ್ತೀನಿ. ಬಿಲ್ ಬುಕ್ಕಿನ ಮೇಲೆ, ರಬ್ಬರ್ ಸ್ಟಾಂಪಿನಲ್ಲಿ ಬಣ್ಣ ಇರಲ್ಲ, ಅಲ್ಲೂ ಗುರುತು ಸಿಗಬೇಕು. ಕನ್ನಡದಲ್ಲಿ ಇನ್ನೊಂದು ತೊಡಕಿದೆ. ಇಂಗ್ಲಿಷ್ ಹೆಸರನ್ನು ಒಂದು ಪಟ್ಟಿಯೊಳಗೆ ನೀಟಾಗಿ ಕೂರಿಸಬಹುದು. ನಮ್ಮ ಒತ್ತಕ್ಷರ ಗೆರೆಯಿಂದ ಕೆಳಗಿಳಿಯುತ್ತೆ, ಎಣ್ಣೆಯಲ್ಲೇ ಒಂದು ಣಕಾರದ ಒತ್ತಿದೆ. ಆ ಒತ್ತನ್ನು ಕುಗ್ಗಿಸಿದರೆ ಸಣ್ಣ ಬಾಟಲಿಯ ಲೇಬಲ್ಲಿನಲ್ಲಿ ಶಾಯಿ ತುಂಬಿಕೊಂಡು ಚುಕ್ಕೆಯಾಗುತ್ತೆ, ಹಿಗ್ಗಿಸಿದರೆ ಕೆಳಗಿನ ಸಾಲಿಗೆ ತಾಗುತ್ತೆ. ಸಾಲದ್ದಕ್ಕೆ ಯೂನಿಕೋಡ್ (ಎಲ್ಲ ಭಾಷೆಯ ಅಕ್ಷರಗಳಿಗೂ ಕಂಪ್ಯೂಟರಿನಲ್ಲಿರೋ ಒಂದೇ ಸಂಕೇತ ಪದ್ಧತಿ) ಗೊತ್ತಿಲ್ಲದ ಹಳೇ ಸಾಫ್ಟ್‌ವೇರಿನಲ್ಲಿ ಫೈಲು ತೆರೆದರೆ ಒತ್ತು ಬಿಟ್ಟು ಹೋಗಿ ‘ಎಣ್‌ಣೆ’ ಅಂತ ನಿಲ್ಲುತ್ತೆ. ಊರಿನ ಎಷ್ಟೋ ಬೋರ್ಡುಗಳಲ್ಲಿ ನೀವೂ ಇದನ್ನು ನೋಡಿರ್ತೀರಿ. ಅದಕ್ಕೇ ಅನುಭವ ಇರೋವರು ಅಕ್ಷರವನ್ನು ಅಕ್ಷರವಾಗಿ ಬಿಡದೆ ಗೆರೆಯ ಆಕಾರವಾಗಿ ಬದಲಿಸಿಯೇ ಪ್ರೆಸ್ಸಿಗೆ ಕಳಿಸ್ತಾರೆ. ಫಾಂಟಿಗೂ ಹಕ್ಕಿರುತ್ತೆ. ನೋಟೋ ಸ್ಯಾನ್ಸ್ ಕನ್ನಡ, ಬಾಲೂ ತಮ್ಮ, ಅನೇಕ್ ಕನ್ನಡದಂಥವು ಮುಕ್ತ ಪರವಾನಗಿಯವು, ವ್ಯಾಪಾರಕ್ಕೂ ಬಳಸಬಹುದು.

ಎರಡೋ ಮೂರೋ ನಮೂನೆ ತೋರಿಸ್ತಾರೆ, ಒಂದನ್ನು ಆರಿಸಿ ತಿದ್ದಿಸ್ತೀರಿ. ಎಷ್ಟು ಸಲ ತಿದ್ದಿಕೊಡೋದು ಅನ್ನೋದು ಮೊದಲೇ ಮಾತಾಗಿರಲಿ. ದುಡ್ಡು ಹಾಕಿರೋ ಭಾವನೋ ದೊಡ್ಡಪ್ಪನೋ ಇದ್ದರೆ ಅವರನ್ನು ಮೊದಲ ದಿನವೇ ಕೂರಿಸಿ. ಎಲ್ಲ ಮುಗಿದ ಮೇಲೆ ಬಂದು ‘ಸ್ವಲ್ಪ ಡಲ್ಲಾಯ್ತು ಕಣಯ್ಯಾ’ ಅಂದರೆ ಕೆಲಸ ಮತ್ತೆ ಪೆನ್ಸಿಲ್ಲಿಗೇ ಬರುತ್ತೆ.

ಡಲ್ಲಾಗೋ ವಿಷಯ ಬಂತು. ಮೊಬೈಲಿನ ಪರದೆ ಬೆಳಕಿನಿಂದ ಬಣ್ಣ ಮಾಡುತ್ತೆ, ಪ್ರೆಸ್ಸು ನಾಲ್ಕು ಶಾಯಿಯಿಂದ. ಪರದೆಯಲ್ಲಿ ಮಿಂಚೋ ಎಳೆ ಹಸಿರು ಕಾಗದದ ಮೇಲೆ ಮಂಕಾಗೇ ಬರುತ್ತೆ. ಹಾಗಾಗಿ ಒಂದು ಪ್ರೂಫ್, ಅಂದರೆ ಪರೀಕ್ಷೆಯ ಪ್ರಿಂಟು, ತೆಗೆಸಿ ನಿಮ್ಮದೇ ಬಾಟಲಿಗೆ ಅಂಟಿಸಿ, ಬಿಸಿಲಿನಲ್ಲೂ ಅಂಗಡಿಯ ಟ್ಯೂಬ್‌ಲೈಟಿನಲ್ಲೂ ನೋಡಿ ಆಮೇಲೆ ಸಾವಿರಗಟ್ಟಲೆ ಹಾಕಿಸಿ.

ಮುಂಗಡ ಕೇಳೋದು ಅಪನಂಬಿಕೆಯಿಂದಲ್ಲ. ನೀವು ಅರ್ಧದಲ್ಲಿ ಮನಸ್ಸು ಬದಲಿಸಿದರೆ ಆ ಗೆರೆಗಳನ್ನು ಇನ್ನೊಬ್ಬರಿಗೆ ಮಾರೋಕಾಗಲ್ಲ. ಅದಕ್ಕೆ ಬದಲಾಗಿ ನೀವು ಕೇಳಬೇಕಾದ್ದೂ ಇದೆ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಫ್ರೀಲಾನ್ಸ್ ಡಿಸೈನರ್ ಮಾಡಿದ ಲೋಗೋದ ಹಕ್ಕು ಸಾಮಾನ್ಯವಾಗಿ ಮಾಡಿದವರದ್ದೇ. ದುಡ್ಡು ಕೊಟ್ಟ ಮಾತ್ರಕ್ಕೆ ನಿಮ್ಮದಾಗಲ್ಲ, ಬರೆದು ಸಹಿ ಹಾಕಬೇಕು. ಆ ಪತ್ರದಲ್ಲಿ ಅವಧಿ ಬರೆಯದೇ ಹೋದರೆ ಐದು ವರ್ಷಕ್ಕಷ್ಟೇ ಅಂತ, ಪ್ರದೇಶ ಬರೆಯದೇ ಹೋದರೆ ಭಾರತಕ್ಕಷ್ಟೇ ಅಂತ ಕಾನೂನು ತಿಳಿಯುತ್ತೆ. ಎರಡನ್ನೂ ಬರೆಸಿ.

ಕೊನೆಯ ಕಂತು ಕೊಡೋ ಮುಂಚೆ ಫೈಲುಗಳನ್ನು ಈಸಿಕೊಳ್ಳಿ. ಎಷ್ಟು ದೊಡ್ಡದು ಮಾಡಿದರೂ ಒಡೆಯದ ವೆಕ್ಟರ್ ಫೈಲು, ಎಸ್‌ವಿಜಿ ಅಥವಾ ಪಿಡಿಎಫ್, ಬೋರ್ಡಿಗೆ ಬೇಕು. ಹಿನ್ನೆಲೆ ಇಲ್ಲದ ಪಿಎನ್‌ಜಿ ಮೊಬೈಲಿಗೆ. ಒಂದು ಕಪ್ಪು ಬಿಳುಪಿನದು ಸ್ಟಾಂಪಿಗೆ. ವಾಟ್ಸಾಪಿನಲ್ಲಿ ಫೋಟೋ ಥರ ಕಳಿಸಿದರೆ ಕುಗ್ಗಿ ಬರುತ್ತೆ, ಡಾಕ್ಯುಮೆಂಟ್ ಅಂತ ಕಳಿಸೋಕೆ ಹೇಳಿ. ಆ ಫೈಲು ಕೈಯಲ್ಲಿದ್ದರೆ ಬೋರ್ಡನ್ನು ಧಾರಾಳವಾಗಿ ನಿಮ್ಮ ಫ್ಲೆಕ್ಸ್ ಅಂಗಡಿಯಲ್ಲೇ ಮಾಡಿಸಿ, ಸಂಜೆಯೊಳಗೆ ಕೊಡ್ತಾರೆ.